ಕಾಣದ ತೂತು

"ನಿಜ ಹೇಳಜ್ಜಿ, ನೀನೇ ಚುಚ್ಚಿದ್ದು ತಾನೇ?"

ಮೊಮ್ಮಗಳ ಒಂದು ಕೈಯಲ್ಲಿ ರಸಾಯನಶಾಸ್ತ್ರದ ಪುಸ್ತಕ, ಇನ್ನೊಂದರಲ್ಲಿ ಸೊರಗಿದ ಕೆಂಪು ಬಲೂನು. ನಿನ್ನೆ ಹುಟ್ಟುಹಬ್ಬಕ್ಕೆ ಗೆಳತಿ ಅಂಗಡಿಯಲ್ಲಿ ಹೀಲಿಯಂ ತುಂಬಿಸಿ ತಂದುಕೊಟ್ಟದ್ದು. ಸಂಜೆ ಚಾವಣಿಗೆ ತಾಗಿಕೊಂಡಿತ್ತು. ಅಜ್ಜಿ ಬಾಯಿಂದ ಊದಿಕೊಟ್ಟಿದ್ದ ಹಳದಿ ಬಲೂನು ಮಾತ್ರ ಈಗಲೂ ಕುರ್ಚಿಯ ಮೇಲೆ ಗುಂಡಗೆ ಕೂತಿತ್ತು. ಬಟ್ಟೆ ಹೊಲಿಯುವ ಅಜ್ಜಿಯ ಸೆರಗಿನಲ್ಲಿ ಎಂದಿನಂತೆ ಸೂಜಿ ಮಿನುಗುತ್ತಿತ್ತು.

"ನಾನ್ಯಾಕೆ ಚುಚ್ಚಲಿ?"

"ಅವಳನ್ನ ಕಂಡ್ರೆ ನಿನಗಾಗಲ್ಲ. ಅದಕ್ಕೇ ನೋಡು, ನೀನು ಊದಿದ್ದು ನೆಟ್ಟಗಿದೆ, ಅವಳು ತಂದಿದ್ದು ಹೀಗಾಗಿದೆ." ಬಲೂನನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ಹುಡುಕಿದಳು. ಸಿಗಲಿಲ್ಲ. ಅನುಮಾನ ಇನ್ನಷ್ಟು ಬಲಿಯಿತು. "ಕಾಣದ ಹಾಗೆ ಚುಚ್ಚೋದು ನಿನಗಲ್ದೆ ಇನ್ಯಾರಿಗೆ ಬರುತ್ತೆ?"

ಅಜ್ಜಿ ಗಡಿಯಾರ ನೋಡಿದಳು. ಪರೀಕ್ಷೆಗೆ ಒಂದು ಗಂಟೆಯೂ ಉಳಿದಿರಲಿಲ್ಲ. "ಹೂಂ ಕಣೆ, ನಾನೇ ಚುಚ್ಚಿದೆ. ಈಗ್ಲಾದ್ರೂ ಓದ್ಕೊಳ್ಳಮ್ಮ ತಾಯಿ."

ಗೆದ್ದ ಗತ್ತಿನಲ್ಲಿ ಮೊಮ್ಮಗಳು ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದಳು. "ಹಗುರವಾದ ಅನಿಲ ಸೂಕ್ಷ್ಮ ರಂಧ್ರಗಳಿಂದ ಬೇಗ ಹೊರಹೋಗುತ್ತದೆ. ಆದ್ದರಿಂದ ಹೀಲಿಯಂ ಬಲೂನು ಬಾಯಿಂದ ಊದಿದ ಬಲೂನಿಗಿಂತ ಬೇಗ..."

ದನಿ ಅಲ್ಲೇ ನಿಂತಿತು.

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ, ತಲೆಯೆತ್ತದೆ ಕೇಳಿದಳು: "ಯಾಕೆ ನಿಲ್ಲಿಸ್ದೆ? ಮುಂದಕ್ಕೆ ಓದು."