ಅತ್ತೆಯ ಮುಂದಿನ ದೀಪ

ರಾಯಚೂರಿನಲ್ಲಿ ಬೆಳಗಿನ ಹತ್ತಕ್ಕೇ ಐವತ್ತೆಂಟು ಡಿಗ್ರಿ. ಶಿವಲೀಲಾ ಹೊಸ ಎಸಿಯನ್ನು ಮನೆಯ ಸಿಸ್ಟಮ್ಮಿಗೆ ಜೋಡಿಸಿದಳು. ತಂಪಿಗೆ ಪರವಾನಗಿ ಇದ್ದದ್ದು ಇಬ್ಬರಿಗೆ ಮಾತ್ರ, ಅವಳಿಗೆ ಮತ್ತು ಗಂಡನಿಗೆ.

"ಒಳಗೆ ಇಬ್ಬರಿದ್ದಾರೆ, ಪರವಾನಗಿಯ ಲೆಕ್ಕ ತುಂಬಿತು," ಎಂದಿತು ಮನೆ. "ಇನ್ನು ಬಾಗಿಲು ತೆರೆಯುವುದು ಸಂಜೆಗೆ."

ಒಳಗಿದ್ದವಳು ಅವಳೊಬ್ಬಳೇ. ತೀರಿಹೋದ ಅತ್ತೆಯ ಫೋಟೊದ ಮುಂದೆ ದೀಪ ಉರಿಯುತ್ತಿತ್ತು. ಮುಖವೂ ಇದೆ, ಬಿಸಿಯೂ ಇದೆ ಎಂದು ಮನೆ ಅತ್ತೆಯನ್ನೂ ಎಣಿಸಿತ್ತು.

ನೀರು ತರಲು ಹೋಗಿದ್ದ ಗಂಡ ಬಾಗಿಲು ಬಡಿದ. "ಲೀಲಾ, ಬಾಗ್ಲಾ ತಗಿ. ಕಾಲು ಸುಡಾಕತ್ತಾವ."

"ತಡೀರಿ, ದೀಪಾ ಶಾಂತ ಮಾಡ್ತೀನಿ." ಅವಳು ಹೂವಿನಿಂದ ದೀಪ ಆರಿಸಿದಳು.

"ಒಬ್ಬರ ಮೈ ತಣ್ಣಗಾಗಿದೆ," ಎಂದಿತು ಮನೆ. "ಸಾವು ದಾಖಲಾಗಿದೆ. ಪಂಚನಾಮೆ ಮುಗಿಯುವವರೆಗೆ ಬಾಗಿಲು ತೆರೆಯುವುದಿಲ್ಲ."

ಹೊರಗಿನ ಬಡಿತ ನಿಧಾನವಾಗುತ್ತ ಬಂತು. ಇಬ್ಬರ ಪಾಲಿನ ತಂಪೂ ಅವಳೊಬ್ಬಳ ಮೇಲೆ ಬೀಸತೊಡಗಿತು.