ಸ್ಪೀಕರ್ ಮಾತ್ರ ಸುಮ್ಮನಿತ್ತು

ಅವನು ಏಳನೆಯ ಸಲ ಕೀಬೋರ್ಡಿನ ಎಂಟರ್ ಒತ್ತಿದ. ಸ್ಪೀಕರ್ ತುಟಿ ಪಿಟಕ್ಕೆನ್ನಲಿಲ್ಲ.

"ನಿನ್ನ ಕೈಲಾಗಲ್ಲ ಅಂದ್ರೆ ಹೇಳಿಬಿಡಣ್ಣ," ಎಂದಳು ತಂಗಿ. ಬೆಳಗ್ಗೆ ಬಸ್ಸಿಳಿದು ಬಂದವಳು ಇನ್ನೂ ಸರಿಯಾಗಿ ಊಟ ಮಾಡಿರಲಿಲ್ಲ.

ಅವನ ಕೈಲಾಗದ್ದೇನಲ್ಲ. ಬಸ್ ನಿಲ್ದಾಣಗಳಲ್ಲಿ ಘೋಷಣೆ ಕೂಗುವ ಯಂತ್ರಗಳನ್ನು ನೋಡಿಕೊಳ್ಳುವುದೇ ಅವನ ಕೆಲಸ. ಅಂಗೈಯಗಲದ ಕಂಪ್ಯೂಟರಾದ ಈ ಲಿನಕ್ಸ್ ಬೋರ್ಡನ್ನು ಮನೆಗೆ ತಂದು ಕೂರಿಸಿದವನೂ ಅವನೇ. ಅವನ ಫೋನಿನಲ್ಲಿದ್ದದ್ದೆಲ್ಲ ತಾನಾಗಿ ಅದರಲ್ಲಿ ಬಂದು ಸೇರುತ್ತಿತ್ತು. ಕಳೆದ ತಿಂಗಳು ಅಮ್ಮನ ಇಷ್ಟದ ಹಳೇ ಹಾಡುಗಳನ್ನು, ಯಾರ ನಿದ್ದೆಯೂ ಕೆಡದಂತೆ, ಅವಳ ಕಿವಿಯ ಮಷಿನ್ನಿಗೆ ಮಾತ್ರ ಬ್ಲೂಟೂತಿನಲ್ಲಿ ಹೋಗುವಂತೆ ಮಾಡಿ ಭೇಷ್ ಅನ್ನಿಸಿಕೊಂಡಿದ್ದ.

ಈಗ ಬೇಕಾಗಿದ್ದದ್ದು ಹಾಡಲ್ಲ. ಮೊನ್ನೆ ಡಾಕ್ಟರು ಅವನೊಬ್ಬನನ್ನೇ ಕೂರಿಸಿಕೊಂಡು ಅಮ್ಮನ ಕಾಯಿಲೆ ಬಗ್ಗೆ ಆಡಿದ ನಾಲ್ಕು ನಿಮಿಷದ ಮಾತು. ತಂಗಿಗೆ ತನ್ನ ಬಾಯಿಂದ ಹೇಳಲಾರೆನೆಂದು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದ. ಆ ಫೋನು ನಿನ್ನೆ ನೀರಿನ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಉಳಿದದ್ದು ಬೋರ್ಡಿನಲ್ಲಿದ್ದ ಪ್ರತಿ ಒಂದೇ. ಬೋರ್ಡಿಗೋ ಸ್ವಂತ ಬಾಯಿಲ್ಲ, ವೈರು ಸಿಕ್ಕಿಸಿ ಕೇಳೋಣವೆಂದರೆ ತೂತೂ ಇಲ್ಲ. ಬ್ಲೂಟೂತೇ ಗತಿ.

"ನನ್ನ ಫೋನಿಗೆ ಹಾಕು. ಕೇಳಿ ಅಳಿಸಿಬಿಡ್ತೀನಿ."

"ಬೇಡ. ಮೊಮ್ಮಗಳ ಫೋಟೋ ನೋಡ್ಬೇಕು ಅಂತ ಅಮ್ಮ ಗಳಿಗೆಗೊಂದ್ಸಲ ಇಸ್ಕೋತಾಳೆ. ಅಕಸ್ಮಾತ್ ಕೇಳಿಸ್ಕೊಂಡ್ರೆ?"

ಅಮ್ಮನಿಗೆ ಗೊತ್ತಾಗಬಾರದು. ಅದೊಂದೇ ಅವನ ಹಟ. ಗುಣವಾಗುತ್ತೆ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಅವಳು ನಂಬಿದ್ದಳು, ಹೊಸ ಕನ್ನಡಕಕ್ಕೆ ಅಳತೆಯನ್ನೂ ಕೊಟ್ಟು ಬಂದಿದ್ದಳು. ಇರುವಷ್ಟು ದಿನ ಆ ನಂಬಿಕೆಯಾದರೂ ಇರಲಿ ಎಂಬುದು ಅವನ ಆಸೆ.

ಒಳಕೋಣೆಯ ಬಾಗಿಲು ಮುಚ್ಚಿತ್ತು. ಮಧ್ಯಾಹ್ನ ಮಲಗುವಾಗ ಕಿವಿಯ ಮಷಿನ್ ತೆಗೆದಿಡುವುದು ಅಮ್ಮನ ರೂಢಿ. ಆಮೇಲೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಸ್ಪೀಕರನ್ನು ಬೋರ್ಡಿನಿಂದ ಬಿಡಿಸಿ ಮತ್ತೆ ಜೋಡಿಸಿದ. ನೀಲಿ ದೀಪ ಬಂತು. ವೈಫೈ ಅಡ್ಡ ಬರುತ್ತಿದೆಯೇನೋ ಎಂದು ಅದನ್ನು ಆರಿಸಿದ. ಕರೆಂಟು ಸಾಲದೇನೋ ಎಂದು ಚಾರ್ಜರ್ ಬದಲಿಸಿದ. ಬೋರ್ಡನ್ನೇ ಆಫ್ ಮಾಡಿ ಮತ್ತೆ ಆನ್ ಮಾಡಿದ. ಎಂಟನೆಯ ಸಲ ಎಂಟರ್ ಒತ್ತಿದ. ಪರದೆಯ ಮೇಲೆ ಸದ್ದಿನ ಹಸಿರು ಪಟ್ಟಿ ಏರಿಳಿಯುತ್ತಿತ್ತು. ಬೋರ್ಡಿನ ಲೆಕ್ಕದಲ್ಲಿ ಎಲ್ಲವೂ ಸುಸೂತ್ರ. ಸ್ಪೀಕರ್‌ಗೆ ಮಾತ್ರ ಗರ ಬಡಿದಿತ್ತು.

ಒಳಬಾಗಿಲು ತೆರೆಯಿತು. ಅಮ್ಮ ಗೋಡೆ ಹಿಡಿದು ನಿಂತಿದ್ದಳು. ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು.

"ಆ ಕನ್ನಡಕ ಬೇಡ ಅಂತ ಅಂಗಡಿಯವನಿಗೆ ಹೇಳಿಬಿಡೋ."

"ಯಾಕಮ್ಮ?" ಎಂದ, ಪರದೆಯಿಂದ ಕಣ್ಣು ತೆಗೆಯದೆ.

"ಇರೋದೇ ಸಾಕು."

ಬಾಗಿಲು ಮುಚ್ಚಿತು. ಅಮ್ಮನ ಜಿಪುಣತನಕ್ಕೆ ಮದ್ದಿಲ್ಲವೆಂದು ತಂಗಿ ನಗಲು ನೋಡಿದಳು, ಆಗಲಿಲ್ಲ.

ಅವನಿಗೆ ರೋಸಿ ಹೋಗಿತ್ತು. ಸದ್ದನ್ನು ಪೂರ್ತಿ ಏರಿಸಿ ಒಂಬತ್ತನೆಯ ಸಲ ಒತ್ತಿದ. ಇಬ್ಬರೂ ಸ್ಪೀಕರಿಗೆ ಕಿವಿಯಿಟ್ಟು ಕೂತರು. ನಾಲ್ಕು ನಿಮಿಷ ಕಳೆಯಿತು. ಏನೂ ಇಲ್ಲ.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಣ್ಣ. ನೀನೇ ಹೇಳು. ಇನ್ನೆಷ್ಟು ದಿನ ಅಂದ್ರು?"

ಹೇಳಬೇಕೆಂದು ಬಾಯಿ ತೆರೆದ. ಕೈ ಮತ್ತೆ ಎಂಟರ್ ಮೇಲೆ ಹೋಯಿತು.

"ಎರಡು ತಿಂಗಳಂತೆ," ಎಂದಳು ಮತ್ತೆ ಬಾಗಿಲಿಗೆ ಬಂದು ನಿಂತಿದ್ದ ಅಮ್ಮ, ಎರಡೂ ಕಿವಿಗಳಿಂದ ಮಷಿನ್ ಕಳಚಿಕೊಳ್ಳುತ್ತಾ. "ಮತ್ತೆ ಹಾಕ್ಬೇಡ ಕಣಪ್ಪಾ, ಒಂಬತ್ತು ಸಲ ಕೇಳಿದ್ದಾಯ್ತು."