ಐಸ್ ಪ್ಲಾಂಟಿನ ಎರಡನೇ ಪಾಲುದಾರ

ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಝೈನಬ ಮೊದಲು ಕೇಳಿದ ಮಾತೇ, "ನನ್ನ ಕಂಪನಿ ಏನು ಮಾಡುತ್ತದೆ ಮಗಳೇ?"

ಜ್ಯೋತ್ಸ್ನಾ ತಬ್ಬಿಬ್ಬಾದಳು. ಕತಾರಿನ ಅಲ್ ವಕ್ರಾದ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯಲು ಸೇರಿದಂದಿನಿಂದ ಈ ಕತಾರಿ ಹೆಂಗಸಿನ ಸಹಿಯನ್ನಷ್ಟೇ ಅವಳು ನೋಡಿದ್ದು. ಮುಖ ನೋಡಿದ್ದು ಇವತ್ತೇ. ಬಿನ್ ಒಮ್ರಾನ್ ಬಡಾವಣೆಯ ಮನೆಯಿಂದ ಅವರನ್ನು ಕರೆತರಲು ಕಳಿಸುವಾಗ ಯಜಮಾನರಾದ ಲ್ಯಾನ್ಸ್‌ಲಾಟ್ ಹತ್ತು ಸಲ ಹೇಳಿದ್ದರು: "ದಾರಿಯಲ್ಲಿ ಸರೀ ಹೇಳಿಕೊಡು ಮಾರಾಯ್ತಿ. ಆಫೀಸರ್ ಕೇಳುವಾಗ ಮೇಡಂ 'ವಾರ ವಾರ ಬರ್ತೇನೆ, ವ್ಯವಹಾರ ಎಲ್ಲ ನಾನೇ ನೋಡುದು' ಅಂತ ಹೇಳಿದ್ರೆ ಸಾಕು. ಇಲ್ಲದಿದ್ರೆ ನಾವು ಖಲಾಸ್. ನಿನ್ನ ವೀಸಾ ಕೂಡ."

ವಿಷಯ ಇಷ್ಟೇ. ಪ್ಲಾಂಟಿಗೆ ಇಬ್ಬರು ಪಾಲುದಾರರು. ಒಬ್ಬರು ಲ್ಯಾನ್ಸ್‌ಲಾಟ್. ಇನ್ನೊಬ್ಬರು ಮನುಷ್ಯರೇ ಅಲ್ಲ, ಒಂದು ಲಿಮಿಟೆಡ್ ಕಂಪನಿ. ಕಾಗದದ ಪ್ರಕಾರ ಅದರ ಒಡತಿ ಝೈನಬ. ಕತಾರಿಗಳ ಲಾಭಕ್ಕೆ ತೆರಿಗೆಯಿಲ್ಲ, ಹೊರದೇಶದವರ ಲಾಭಕ್ಕೆ ಉಂಟು. ಆದ್ದರಿಂದ ಕಂಪನಿಯ ಪಾಲಿಗೆ ಈವರೆಗೆ ಯಾರೂ ತೆರಿಗೆ ಕಟ್ಟಿರಲಿಲ್ಲ. ಹೊಸದಾಗಿ ಬಂದ ತೆರಿಗೆ ಅಧಿಕಾರಿಗೆ ಮಾತ್ರ ಸಂಶಯ ಹುಟ್ಟಿತ್ತು. ಈ ಕಂಪನಿಯನ್ನು ಕತಾರಿ ಎಂದು ಒಪ್ಪುವುದೋ, ಅಥವಾ ಅದರೊಳಗೆ ಇಣುಕಿದರೆ ಅಲ್ಲೂ ಲ್ಯಾನ್ಸ್‌ಲಾಟರೇ ಕೂತಿದ್ದಾರೋ? ಒಡತಿಯನ್ನೇ ಕೇಳುತ್ತೇನೆ ಎಂದು ಆತ ಇವತ್ತು ಪ್ಲಾಂಟಿಗೆ ಬರುವವನಿದ್ದ.

"ಐಸ್ ಮಾಡ್ತೇವೆ ಮೇಡಂ," ಎಂದಳು ಜ್ಯೋತ್ಸ್ನಾ ಹಿಂದಿಯಲ್ಲಿ.

"ಐಸ್!" ಝೈನಬರ ಹಿಂದಿ ಅವಳದ್ದಕ್ಕಿಂತ ಸಲೀಸಾಗಿತ್ತು. "ವರ್ಷಕ್ಕೊಮ್ಮೆ ನನಗೊಂದು ಕವರ್ ಬರುತ್ತದೆ, ಸಹಿ ಹಾಕುತ್ತೇನೆ. ಸಿಮೆಂಟಿನ ವ್ಯಾಪಾರ ಅಂದುಕೊಂಡಿದ್ದೆ. ನಮ್ಮಪ್ಪ ವಕ್ರಾದಲ್ಲೇ ಮೀನು ಹಿಡಿಯುತ್ತಿದ್ದರು, ಗೊತ್ತಾ? ಆಗ ಐಸ್ ಎಲ್ಲಿತ್ತು? ಮಾರದೆ ಉಳಿದ ಮೀನಿಗೆ ಉಪ್ಪು ಸವರಿ ಒಣಗಿಸುವುದು ನನ್ನ ಕೆಲಸ."

ಕಲಿಸಿಕೊಡಬೇಕಾದ ಮಾತು ಜ್ಯೋತ್ಸ್ನಾಳ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಕೊನೆಗೆ, ವಕ್ರಾದ ತಿರುವಿನಲ್ಲಿ, ಹೇಳಿಯೇಬಿಟ್ಟಳು. ಝೈನಬ, "ಮೊದಲು ಐಸ್ ನೋಡೋಣ," ಎಂದರು.

ಆಫೀಸಿನ ಬಾಗಿಲಲ್ಲಿ ನಗು ಹೊತ್ತು ನಿಂತಿದ್ದ ಲ್ಯಾನ್ಸ್‌ಲಾಟರನ್ನು ದಾಟಿ ಝೈನಬರ ಕಪ್ಪು ಅಬಾಯದ ನಿಲುವಂಗಿ ನೇರ ಯಂತ್ರಗಳ ಕಡೆ ನಡೆಯಿತು. ಅಚ್ಚಿನಿಂದ ಆಗಷ್ಟೇ ಜಾರಿಬಿದ್ದ ಐಸ್ ಗಡ್ಡೆಯ ಮೇಲೆ ಝೈನಬ ಅಂಗೈ ಊರಿದರು. ನೀರು ಎಲ್ಲಿಂದ ತರುತ್ತೀರಿ? ನಡುವೆ ಬೆಳ್ಳಗೆ ಕಾಣುವುದೇಕೆ? ಕರೆಂಟ್ ಹೋದರೆ ಏನು ಗತಿ? ಜ್ಯೋತ್ಸ್ನಾ ಕರೆಂಟಿನ ಬಿಲ್ ಬರೆದಿದ್ದಳೇ ಹೊರತು ಯಂತ್ರಗಳ ಈ ಕೋಣೆಯ ಬಾಗಿಲು ದಾಟಿ ಅವಳೂ ಒಳಗೆ ಬಂದವಳಲ್ಲ. ಮೊದಮೊದಲು ಚುಟುಕಾಗಿ ಉತ್ತರಿಸುತ್ತಿದ್ದ ಲ್ಯಾನ್ಸ್‌ಲಾಟ್ ಬರಬರುತ್ತಾ ತಮ್ಮನ್ನೇ ಮರೆತರು. ನಡುವಿನ ಬಿಳುಪು ಒಳಗೆ ಸಿಕ್ಕಿಬಿದ್ದ ಗಾಳಿಯದ್ದು ಎಂದು ವಿವರಿಸುವಾಗ ಅವರ ಕೈಗಳು ಗಾಳಿಯಲ್ಲಿ ಗಡ್ಡೆಯನ್ನೇ ಕಟೆಯುತ್ತಿದ್ದವು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಇದನ್ನೆಲ್ಲ ಕೇಳಿರಲಿಲ್ಲ.

"ದೋಣಿಯವರಿಗೆ ಕೊಡುತ್ತೀಯಾ?"

"ಹೋಟೆಲಿನವರಿಗೆ ಕೊಟ್ಟು ಉಳಿದ್ರೆ, ಮೇಡಂ."

"ಉಳಿಯುತ್ತದಾ?"

ಅಷ್ಟರಲ್ಲಿ ಅಧಿಕಾರಿಯ ಕಾರು ಬಂತು. ಉದ್ದನೆಯ ಬಿಳಿ ಥೋಬ್ ಅಂಗಿ ತೊಟ್ಟ ಕತಾರಿ ಯುವಕ. ಹಿರಿಯರೆಂದು ಝೈನಬರಿಗೆ ಸಲಾಂ ಹೇಳಿ, ಆಫೀಸಿನಲ್ಲಿ ಅವರು ಕೂತ ಮೇಲೆಯೇ ಕೂತ. ಆಮೇಲೆ ಸುತ್ತುಬಳಸದೆ, ಚಿಕ್ಕಮ್ಮಾ ಎಂದು ಕರೆದು, ಅರಬ್ಬಿಯಲ್ಲಿ ಕೇಳಿದ. ಅದು ಜ್ಯೋತ್ಸ್ನಾಳಿಗೂ ಅರ್ಥವಾಯಿತು.

"ಖಾಲಾ, ಈ ವ್ಯವಹಾರದಲ್ಲಿ ನೀವು ಪಾಲುದಾರರೋ, ಬರೀ ಹೆಸರೋ?"

ಝೈನಬ ಒದ್ದೆಯಾಗಿದ್ದ ಅಂಗೈಯನ್ನು ಅಬಾಯದ ಅಂಚಿಗೆ ಒರೆಸಿಕೊಂಡರು.

"ಇವತ್ತು ಬೆಳಗ್ಗಿನವರೆಗೆ ಬರೀ ಹೆಸರು," ಎಂದರು. "ಈಗ ಕೇಳಿದರೆ, ಪಾಲುದಾರಳು."

ಯುವಕ ನಗಲಿಲ್ಲ. ಹಾಗಿದ್ದರೆ ಇಲ್ಲಿಯವರೆಗಿನ ಕಂಪನಿಯ ಲಾಭವನ್ನೂ ವಿದೇಶಿಯದ್ದೆಂದೇ ಎಣಿಸಬೇಕಾಗುತ್ತದೆ, ಹಳೆಯ ತೆರಿಗೆಯೆಲ್ಲ ಕಟ್ಟಬೇಕಾಗುತ್ತದೆ ಎಂದ. ಈ ಹೊಸ ಪಾಲುದಾರಿಕೆ ನಿಜವೋ ಎಂದು ಮುಂದಿನ ವರ್ಷ ಬಂದು ನೋಡುತ್ತೇನೆ ಎಂದು ಎದ್ದು ಹೋದ.

ಕಾರಿನ ಸದ್ದು ಅಡಗಿದ ಮೇಲೆ ಲ್ಯಾನ್ಸ್‌ಲಾಟ್ ತಲೆಗೆ ಕೈಹೊತ್ತು ಕೂತರು. ಜ್ಯೋತ್ಸ್ನಾಳ ಕಡೆ ಒಮ್ಮೆ ನೋಡಿ, "ಎಂತ ಹೇಳಿಕೊಟ್ಟೆ ಮಾರಾಯ್ತಿ ನೀನು?" ಎಂದರು. ಅವಳಿಗೆ ಹೆದರಿಕೆ ಇತ್ತು, ನಿಜ. ಆದರೆ ಈ ಹೆಂಗಸು ಇನ್ನೇನು ಹೇಳುತ್ತಾರೋ ಎಂಬ ಕುತೂಹಲ ಅದಕ್ಕಿಂತ ದೊಡ್ಡದಾಗಿತ್ತು.

ಲ್ಯಾನ್ಸ್‌ಲಾಟ್ ಝೈನಬರ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ಸೋಲೇ ಹೆಚ್ಚಿತ್ತು. "ಒಂದೇ ಒಂದು ಸುಳ್ಳು ಸಾಕಿತ್ತಲ್ಲ ಮೇಡಂ. ಇಷ್ಟೆಲ್ಲ ತೆರಿಗೆ ನಾನೊಬ್ಬ ಎಲ್ಲಿಂದ ಕಟ್ಟಲಿ?"

ಝೈನಬ ಅಚ್ಚರಿಯಿಂದ ಅವರನ್ನೇ ನೋಡಿದರು.

"ನೀನೊಬ್ಬನೇ ಯಾಕೆ ಕಟ್ಟುವುದು?"